ಹಳೆಯ ಲಾರಿಯ ಪ್ಲಗ್ ವಯರು ಬದಲಿಸುವ ಬಗೆ

ಸೊಲ್ಲಾಪುರದ ಪೇಟೆಗೆ ಉಳ್ಳಾಗಡ್ಡಿ ಹೇರಿಕೊಂಡು ಹೊರಟ ಲಾರಿ ಏರಿನಲ್ಲಿ ಮುಗ್ಗರಿಸತೊಡಗಿದರೆ ರೈತನ ಎದೆಯೂ ಮುಗ್ಗರಿಸುತ್ತದೆ. ಆರು ಸಿಲಿಂಡರಿನ ಹಳೆಯ ಶೆವರ್ಲೆ, ಫಾರ್ಗೋ ಪೆಟ್ರೋಲ್ ಲಾರಿಗಳನ್ನು ಇನ್ನೂ ಇಟ್ಟುಕೊಂಡವರು ಆಗ ಮೊದಲು ಪ್ಲಗ್ ವಯರುಗಳನ್ನು ನೋಡತಕ್ಕದ್ದು. ಡೀಸೆಲ್ ಎಂಜಿನಿಗೆ ಕಿಡಿಯ ಪ್ಲಗ್ಗೇ ಇಲ್ಲ. ಅಂಥವರಿಗೆ ಈ ಮಾತು ಬೇಕಿಲ್ಲ.

ಕತ್ತಲಲ್ಲಿ ಬಾನೆಟ್ ಎತ್ತಿ ಎಂಜಿನ್ ಓಡಲು ಬಿಟ್ಟರೆ, ರಬ್ಬರು ಸೀಳಿದ ವಯರಿನಿಂದ ನೀಲಿ ಕಿಡಿ ಹಾರುವುದು ಕಾಣುತ್ತದೆ. ಕೈ ಮಾತ್ರ ಇಡಬೇಡಿರಿ. ಪೆಟ್ರೋಲ್ ಸೋರುತ್ತಿದ್ದರೆ ಈ ಪರೀಕ್ಷೆಯೇ ಬೇಡ.

ಬದಲಿಸುವ ಮುಂಚೆ ಎಂಜಿನ್ ನಿಲ್ಲಿಸಿ ಆರಲು ಬಿಡಿರಿ. ಎಲ್ಲ ವಯರುಗಳನ್ನೂ ಒಮ್ಮೆಗೇ ಕಿತ್ತು ಗುಡ್ಡೆ ಹಾಕುವುದೇ ದೊಡ್ಡ ತಪ್ಪು. ಒಂದನ್ನು ತೆಗೆದು, ಅಷ್ಟೇ ಉದ್ದದ ಹೊಸದನ್ನು ಹಾಕಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಬೇಕು. ವಯರನ್ನು ಹಿಡಿದು ಜಗ್ಗಬಾರದು. ತುದಿಯ ರಬ್ಬರು ಟೋಪಿಯನ್ನು ತುಸು ತಿರುಗಿಸಿ ಎಳೆಯಬೇಕು. ಹೊಸದು ಪ್ಲಗ್ಗಿನ ಮೇಲೂ ಡಿಸ್ಟ್ರಿಬ್ಯೂಟರ್ ಮುಚ್ಚಳದಲ್ಲೂ ಬಿಗಿಯಾಗಿ ಕೂರಲಿ, ಬಿಸಿ ಹೊಗೆ ಕೊಳವೆಗೆ ತಾಗದಿರಲಿ.

ಆಗಲೇ ಎಲ್ಲವನ್ನೂ ಕಿತ್ತಾಗಿದ್ದರೆ? ರೇಡಿಯೇಟರ್ ಕಡೆಯದು ೧ನೆಯ ಸಿಲಿಂಡರು. ಕೀಲಿ ತೆಗೆದು, ಗೇರು ನ್ಯೂಟ್ರಲಿನಲ್ಲಿಟ್ಟು, ಅದರ ಪ್ಲಗ್ ಬಿಚ್ಚಿ ತೂತಿನ ಮೇಲೆ ಹೆಬ್ಬೆರಳೊತ್ತಿರಿ. ಇನ್ನೊಬ್ಬರು ಹ್ಯಾಂಡಲಿನಿಂದ ಮೆಲ್ಲಗೆ ತಿರುಗಿಸಲಿ. ಗಾಳಿ ಬೆರಳನ್ನು ನೂಕಿ ಪಿಸ್ಟನ್ ತುದಿಗೆ ಬಂದಾಗ ರೋಟರ್ ತೋರುವ ಗೂಡೇ ೧ನೆಯದು. ಅಲ್ಲಿಂದ ರೋಟರ್ ಸುತ್ತುವ ದಿಕ್ಕಿನಲ್ಲಿ ೧-೫-೩-೬-೨-೪ ಎಂದು ಜೋಡಿಸಿರಿ. ನಡುವಿನ ವಯರು ಕಾಯಿಲಿನದು. ಎರಡು ಅದಲುಬದಲಾದರೂ ಕಾರ್ಬ್ಯುರೇಟರಿನಲ್ಲಿ ಪಟಾಕಿ ಸಿಡಿದಂತೆ ಸದ್ದು ಕೇಳೀತು. ಕೂಡಲೇ ನಿಲ್ಲಿಸಿ ಮತ್ತೆ ಎಣಿಸಿರಿ.