ಹಣ್ಣಾಗುವವರೆಗೆ ನಿದ್ರಿಸುವ ಶತ್ರು

ಜರಗನಹಳ್ಳಿಯ ಗೃಹಿಣಿಯೊಬ್ಬಳು ಸಾರಕ್ಕಿ ಮಾರುಕಟ್ಟೆಯಿಂದ ಒಂದು ಡಜನ್ ಬಾದಾಮಿ ಮಾವಿನಕಾಯಿಗಳನ್ನು ಆರಿಸಿ ತಂದಳೆನ್ನಿ. ಒಂದರ ಮೇಲೂ ಕಲೆಯಿಲ್ಲ. ಹುಲ್ಲಿನಲ್ಲಿ ಅಡೆಹಾಕಿ ಐದಾರು ದಿನಗಳ ಮೇಲೆ ತೆಗೆದು ನೋಡಿದರೆ ಕಂಪೇನೋ ಮನೆಯನ್ನೆಲ್ಲ ತುಂಬಿದೆ. ಆದರೆ ನಾಲ್ಕು ಹಣ್ಣುಗಳ ಮೈಮೇಲೆ ಕರಿಯ ಚುಕ್ಕೆಗಳು! ವ್ಯಾಪಾರಿಯು ಮೋಸ ಮಾಡಿದನೆಂದು ಶಪಿಸುವುದು ಸಹಜವೇ. ಪಾಪ, ಅವನ ಕಣ್ಣಿಗೂ ಅದು ಕಾಣುವಂತಿರಲಿಲ್ಲ.

ಇದು ಚಿಬ್ಬುರೋಗ. ಇದಕ್ಕೆ ಕಾರಣವಾದ ಕೊಲೆಟೊಟ್ರೈಕಮ್ ಎಂಬ ಶಿಲೀಂಧ್ರವು ಹಣ್ಣಿಗೆ ಅಂಟಿಕೊಂಡದ್ದು ಮನೆಯಲ್ಲಲ್ಲ, ತೋಟದಲ್ಲಿ. ರಾಮನಗರದ ಕಡೆಯ ತೋಪುಗಳಲ್ಲಿ ಮಾವು ಹೂಬಿಟ್ಟು ಮಿಡಿಗಟ್ಟುವ ದಿನಗಳಲ್ಲಿ ಮಳೆ ಹನಿದು, ಗಿಡಗಳು ಹಲವು ಗಂಟೆಗಳ ಕಾಲ ಒದ್ದೆಯಾಗಿದ್ದರೆ ಸಾಕು. ಅದರ ಬೀಜಕಣಗಳು ಮೊಳೆತು, ಎಳೆಗಾಯಿಯ ಸಿಪ್ಪೆಯಲ್ಲಿ ಬೀಡುಬಿಟ್ಟು, ಅಲ್ಲಿಯೇ ಸುಮ್ಮನಾಗಿಬಿಡುತ್ತವೆ. ವಾರಗಟ್ಟಲೆ, ತಿಂಗಳುಗಟ್ಟಲೆ ನಿದ್ರೆ!

ಈ ನಿದ್ರೆಗೆ ಕಾರಣವೇನು? ಶಿಲೀಂಧ್ರಕ್ಕೆ ಹಲ್ಲುಗಳಿಲ್ಲ, ಕಿಣ್ವಗಳಿವೆ. ಸಸ್ಯದ ಜೀವಕೋಶಗಳನ್ನು ಗಾರೆಯಂತೆ ಹಿಡಿದಿಟ್ಟಿರುವ ಪೆಕ್ಟಿನ್ ಎಂಬ ವಸ್ತುವನ್ನು (ಜಾಮು ಗಟ್ಟಿಯಾಗುವುದೂ ಇದರ ದೆಸೆಯಿಂದಲೇ) ಪೆಕ್ಟೇಟ್ ಲಯೇಸ್ ಎಂಬ ಕಿಣ್ವವು ಛಿದ್ರಗೊಳಿಸುತ್ತದೆ. ಆದರೆ ಸುತ್ತಲೂ ಹುಳಿ ಬಲವಾಗಿರುವಾಗ ಈ ಕಿಣ್ವವು ಹೊರಬೀಳದು. ಎಳೆಗಾಯಿಯ ಸಿಪ್ಪೆಯಲ್ಲಿ ಶಿಲೀಂಧ್ರವನ್ನು ತಡೆಹಿಡಿಯುವ ಸಹಜ ರಾಸಾಯನಿಕಗಳೂ ಇರುತ್ತವೆ. ಕಾಯಿ ಹಣ್ಣಾಗುತ್ತ ಬಂದಂತೆ ಹುಳಿ ಇಳಿಯುತ್ತದೆ, ಕಾವಲಿನ ರಾಸಾಯನಿಕಗಳೂ ಕ್ಷೀಣಿಸುತ್ತವೆ. ಶತ್ರು ಕಣ್ಣು ತೆರೆಯುವುದು ಆಗ.

ಇಸ್ರೇಲಿನ ವಿಜ್ಞಾನಿ ಡೋವ್ ಪ್ರುಸ್ಕಿ ಮತ್ತು ಅವರ ಸಂಗಡಿಗರು ಕಂಡುಕೊಂಡ ಸಂಗತಿ ಇನ್ನೂ ಕುತೂಹಲಕರವಾದುದು. ಈ ಶಿಲೀಂಧ್ರವು ಅನುಕೂಲ ಪರಿಸರಕ್ಕಾಗಿ ಕಾದು ಕುಳಿತಿರುವುದಷ್ಟೇ ಅಲ್ಲ. ತಾನೇ ಅಮೋನಿಯಾವನ್ನು ಸೂಸಿ, ಸುತ್ತಲಿನ ಹುಳಿಯನ್ನು ಅಡಗಿಸಿ, ಅನಂತರ ಕಿಣ್ವವನ್ನು ಹರಿಯಬಿಡುತ್ತದೆ! ಕಿತ್ತಳೆಯ ಮೇಲೆ ಹಸಿರು ಬೂಷ್ಟಾಗಿ ಹಬ್ಬುವ ಪೆನಿಸಿಲಿಯಮ್ಮಿನ ರೀತಿ ಇದಕ್ಕೆ ತೀರ ವಿರುದ್ಧ. ಅದು ಆಮ್ಲಗಳನ್ನು ಸುರಿಸಿ ಹುಳಿಯನ್ನು ಹೆಚ್ಚಿಸಿಕೊಂಡು, ಹುಳಿಯಲ್ಲಿಯೇ ಚುರುಕಾಗುವ ಬೇರೊಂದು ಕಿಣ್ವವನ್ನು ಪ್ರಯೋಗಿಸುತ್ತದೆ.

ಇನ್ನು ಶಾಖದ ಮಾತು. ಮಾವು ಹಣ್ಣಾಗಲು ಹಿತವಾದ ಬೆಚ್ಚನೆಯ, ತೇವದ ಗಾಳಿಯೇ ಚಿಬ್ಬಿಗೂ ಹಿತ. ಹಾಗೆಂದು ಕಾಯಿಗಳನ್ನು ರೆಫ್ರಿಜಿರೇಟರಿಗೆ ತುರುಕುವುದು ಜಾಣತನವಲ್ಲ; ಅತಿಯಾದ ಶೈತ್ಯದಿಂದ ನೊಂದ ಮಾವು ಸರಿಯಾಗಿ ಹಣ್ಣಾಗದೆ, ಕೊಳೆತಕ್ಕೆ ಸುಲಭದ ತುತ್ತಾಗುತ್ತದೆ. ಕೊಯ್ದೊಡನೆ ಕಾಯಿಗಳನ್ನು ಸುಮಾರು 52 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 5ರಿಂದ 10 ನಿಮಿಷ ಮುಳುಗಿಸಿಟ್ಟರೆ ಸಿಪ್ಪೆಯಲ್ಲಿ ಮಲಗಿರುವ ಶಿಲೀಂಧ್ರವು ಬಹುಮಟ್ಟಿಗೆ ನಿದ್ರೆಯಲ್ಲಿಯೇ ಅಳಿಯುತ್ತದೆ. ಆದರೆ ಇದಕ್ಕೆ ಥರ್ಮಾಮೀಟರು ಬೇಕು, ಅಂದಾಜು ಸಾಲದು: ಬಿಸಿ ಮೀರಿದರೆ ಮಾವಿನ ಸಿಪ್ಪೆಯೇ ಬೆಂದುಹೋಗುತ್ತದೆ.