ಮಾಗಡಿ ಕೆರೆಯ ಹೆಬ್ಬಾತುಗಳು

ಮುಂಗಾರಿನ ಗಡಿಬಿಡಿ ತೀರಿ, ಎರೆಯ ಹೊಲಗಳಲ್ಲಿ ಕಡಲೆ ಚಿಗುರುವ ಹೊತ್ತಿಗೆ ಗದಗು ಸೀಮೆಯ ಆಕಾಶದಲ್ಲಿ ಹೊಸದೊಂದು ದನಿ ಕೇಳಿಸತೊಡಗುತ್ತದೆ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿದುವೆಂಬುದಕ್ಕೆ ಅದೇ ಡಂಗುರ. ಬಿಳಿಯ ತಲೆಯ ಮೇಲಣ ಎರಡು ಕರಿಯ ಪಟ್ಟೆಗಳೇ ಇವುಗಳ ಗುರುತು. ಮಂಗೋಲಿಯಾ, ಟಿಬೆಟ್ಟುಗಳ ಎತ್ತರದ ಸರೋವರಗಳಲ್ಲಿ ಮರಿಮಾಡಿ, ಚಳಿಗೆ ಮುನ್ನ ಹಿಮಾಲಯವನ್ನು ದಾಟಿ ಬರುವ ಜಾತಿಯಿದು. ಏಳು ಸಾವಿರ ಮೀಟರಿಗೂ ಮೇಲೆ ಇವು ಹಾರಿದುದನ್ನು ವಿಜ್ಞಾನಿಗಳು ಉಪಕರಣಗಳಿಂದ ಅಳೆದಿದ್ದಾರೆ.

ಇಂಥ ಅತಿಥಿಗಳನ್ನು ಬರಮಾಡಿಕೊಳ್ಳುವ ಕೆರೆ ದೊಡ್ಡದೇನಲ್ಲ. ಅದರ ವಿಸ್ತಾರ ಸುಮಾರು 50 ಹೆಕ್ಟೇರು. ಮಳೆನೀರನ್ನು ಹಿಡಿದು ಬೆಳೆಗೆ ಹಾಯಿಸಲೆಂದು ಮನುಷ್ಯನೇ ಕಟ್ಟಿದ್ದು. ಆದರೂ ಇಲ್ಲಿ 166ಕ್ಕೂ ಮಿಕ್ಕಿ ಜಾತಿಯ ಹಕ್ಕಿಗಳು ದಾಖಲೆಯಾಗಿವೆ. ಅವುಗಳಲ್ಲಿ 130 ವಲಸೆಯವು. ಚಳಿಗಾಲದ ಹೆಬ್ಬಾತುಗಳ ಅಂದಾಜು ಸಂಖ್ಯೆಯೇ 8,000. ಜೌಗುನೆಲಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿ 2024ರಲ್ಲಿ ಮಾಗಡಿಯ ಹೆಸರೂ ಸೇರಿತು.

ಈ ಅಂಕೆಗಳ ಹಿಂದೆ ದುರ್ಬೀನು ಹಿಡಿದು ದಡದಲ್ಲಿ ಕುಳಿತವರ ತಾಳ್ಮೆಯಿದೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಪಟ್ಟಿಯ ಮೇಲಿನ ಅಕ್ಷರವನ್ನು ಇಲ್ಲಿ ಓದಿ ಬರೆದುಕೊಳ್ಳುವವರಿಲ್ಲದಿದ್ದರೆ ಅಲ್ಲಿನವರ ಶ್ರಮ ವ್ಯರ್ಥ. ಮಳೆ ಕೈಕೊಟ್ಟು ಕೆರೆ ಬತ್ತಿದ ವರ್ಷ ಹಕ್ಕಿಗಳು ಬೇರೆ ನೀರನ್ನು ಅರಸುತ್ತವೆ. ಆ ವರ್ಷದ ಪುಟದಲ್ಲಿ ಬರೆಯಬೇಕಾದ ಸೊನ್ನೆಯೂ ದಾಖಲೆಯೇ. ಖಾಲಿ ಬಿಟ್ಟ ಪುಟ ಮಾತ್ರ ಏನನ್ನೂ ಹೇಳದು.

ಆದರೆ ದಾಖಲೆಯ ಪುಸ್ತಕಕ್ಕೆ ಇನ್ನೊಂದು ಮಗ್ಗುಲುಂಟು. ಹಗಲೆಲ್ಲ ನೀರಿನಲ್ಲಿ ವಿಶ್ರಮಿಸುವ ಹೆಬ್ಬಾತುಗಳು ಇಳಿಹೊತ್ತಿನಲ್ಲಿ ಮೇವಿಗಾಗಿ ಹೊಲಗಳತ್ತ ಹಾರುತ್ತವೆ. ನಮಗೆ ಕಣ್ಣಿನ ಹಬ್ಬವಾದುದು ಹೊಲದೊಡೆಯನಿಗೆ ಹಿಂಗಾರಿ ಪೈರಿನ ಚಿಂತೆ. ಬಾತುಗಳನ್ನು ಎಣಿಸುವವರು ಅವು ಮೇಯ್ದ ಹೊಲವನ್ನೂ ಅಳೆದು ಬರೆದರೆ ಮಾತ್ರ ಲೆಕ್ಕ ಪೂರ್ಣವಾದೀತು. ಪರಿಹಾರದ ಮಾತಿಗೂ ಆಗ ಆಧಾರ ದೊರೆತೀತು. ಕೆರೆ ಕಟ್ಟಿದವನು ರೈತ. ಅದರ ಅತಿಥಿಗಳಿಗೆ ಉಣಬಡಿಸುತ್ತಿರುವವನೂ ಅವನೇ. ಅವನ ಸಮ್ಮತಿಯಿಲ್ಲದೆ ಯಾವ ಒಪ್ಪಂದವೂ ಈ ಹಕ್ಕಿಗಳನ್ನು ಬಹುಕಾಲ ಕಾಯಲಾರದು.

ಗದಗು, ಲಕ್ಷ್ಮೇಶ್ವರಗಳ ಶಾಲೆ ಕಾಲೇಜುಗಳಿಗೆ ಈ ಕೆರೆ ಹತ್ತಿರದಲ್ಲೇ ಇದೆ. ಅಧ್ಯಾಪಕರು ವಿದ್ಯಾರ್ಥಿಗಳ ಕೈಗೆ ಒಂದೊಂದು ನೋಟುಪುಸ್ತಕ ಕೊಟ್ಟು, ದಿನಾಂಕ, ನೀರಿನ ಮಟ್ಟ, ಹಕ್ಕಿಯ ಎಣಿಕೆ, ಹೊಲದ ಸ್ಥಿತಿ ಈ ನಾಲ್ಕನ್ನು ವರ್ಷವರ್ಷವೂ ಬರೆಯಿಸಿದರೆ, ಹತ್ತು ವರ್ಷಗಳಲ್ಲಿ ಈ ಸೀಮೆಗೆ ತನ್ನದೇ ಆದ ಒಂದು ನಿಸರ್ಗಚರಿತ್ರೆ ಸಿದ್ಧವಾಗುವುದು.