ಹಬೆ ತುಂಬಿದ ಕಿರುಕೋಣೆಯಲ್ಲಿ ಮಾನವಾಕೃತಿ ಛಾಯಾಗ್ರಹಣ

ಹಬೆ ತುಂಬಿದ ಕಿರುಕೋಣೆಯಲ್ಲಿ ಮಾನವಾಕೃತಿ ಛಾಯಾಗ್ರಹಣ ಎಂಬುದು ಸ್ನಾನಗೃಹ, ಹಬೆಸ್ನಾನದ ಕೊಠಡಿ ಮೊದಲಾದ ಇಕ್ಕಟ್ಟಾದ ಒಳಾಂಗಣಗಳಲ್ಲಿ ರೂಪದರ್ಶಿಯ ದೇಹದ ಆಕಾರ, ಭಂಗಿ ಮತ್ತು ನೆಳಲು-ಬೆಳಕುಗಳನ್ನು ಸೆರೆಹಿಡಿಯುವ ಛಾಯಾಗ್ರಹಣ ವಿಧಾನವಾಗಿದೆ. ರೂಪದರ್ಶಿಯು ನಗ್ನನಾಗಿರಬಹುದು, ಬಟ್ಟೆ ಸುತ್ತಿಕೊಂಡಿರಬಹುದು ಅಥವಾ ಪೂರ್ಣ ಉಡುಪಿನಲ್ಲಿರಬಹುದು. ಈ ವಿಧಾನದಲ್ಲಿ ಮೂರು ತೊಡಕುಗಳಿವೆ: ಕ್ಯಾಮೆರಾಕ್ಕೂ ದೇಹಕ್ಕೂ ನಡುವೆ ಸಾಕಷ್ಟು ದೂರ ದೊರೆಯುವುದಿಲ್ಲ, ತೇವಾಂಶವು ಉಪಕರಣಗಳನ್ನೂ ಬೆಳಕನ್ನೂ ಬಾಧಿಸುತ್ತದೆ, ಬಿಸಿಯಾದ, ಮುಚ್ಚಿದ ಸ್ಥಳದಲ್ಲಿ ರೂಪದರ್ಶಿಯ ಸುರಕ್ಷತೆ ಮತ್ತು ಘನತೆಗಳನ್ನು ಕಾಪಾಡಬೇಕಾಗುತ್ತದೆ.

ಇತಿಹಾಸ

ಮಾನವಾಕೃತಿಯ ಛಾಯಾಚಿತ್ರಗಳು ಮೊದಲಿಗೆ ಚಿತ್ರಕಾರರ ಅಭ್ಯಾಸಕ್ಕೆ ನೆರವಾದವು. 1854ರಲ್ಲಿ ಫ್ರಾನ್ಸಿನ ಯುಜೀನ್ ದ್ಯೂರಿಯು ಅವರು ಚಿತ್ರಕಾರ ಯುಜೀನ್ ದೆಲಕ್ರಾ ಅವರ ಸಹಯೋಗದಲ್ಲಿ ರೂಪದರ್ಶಿಗಳ ಚಿತ್ರಗಳನ್ನು ತೆಗೆದರು. ದೆಲಕ್ರಾ ಅವುಗಳನ್ನು ನೋಡಿ ರೇಖಾಚಿತ್ರಗಳನ್ನು ರಚಿಸಿದರು. ಸ್ನಾನದ ದೃಶ್ಯಗಳನ್ನು ಬಹುಕಾಲ ಚಿತ್ರಿಸಿದ ಎಡ್ಗರ್ ದೆಗಾ 1890ರ ದಶಕದ ಮಧ್ಯಭಾಗದಲ್ಲಿ ಛಾಯಾಗ್ರಹಣವನ್ನು ಕೈಗೆತ್ತಿಕೊಂಡರು. ಸ್ನಾನದ ನಂತರ ಬೆನ್ನೊರೆಸಿಕೊಳ್ಳುತ್ತಿರುವ ಮಹಿಳೆಯ 1896ರ ಛಾಯಾಚಿತ್ರವು ಅವರದೆಂದು ಗುರುತಿಸಲ್ಪಟ್ಟಿದ್ದು, ಇಂದು ಗೆಟ್ಟಿ ವಸ್ತುಸಂಗ್ರಹಾಲಯದಲ್ಲಿದೆ.

ಅಮೆರಿಕದ ಥಾಮಸ್ ಏಕಿನ್ಸ್ ಬೋಧನೆಗಾಗಿ ಮಾನವಾಕೃತಿಯ ಅನೇಕ ಛಾಯಾಚಿತ್ರಗಳನ್ನು ಬಳಸಿದರು. ವಿದ್ಯಾರ್ಥಿನಿಯರಿದ್ದ ತರಗತಿಯಲ್ಲಿ ಪುರುಷ ರೂಪದರ್ಶಿಯ ಕಟಿವಸ್ತ್ರವನ್ನು ತೆಗೆದ ಪ್ರಸಂಗವು ವಿವಾದಕ್ಕೆಡೆಯಾಗಿ, 1886ರಲ್ಲಿ ಅವರು ಪೆನ್ಸಿಲ್ವೇನಿಯಾ ಅಕಾಡೆಮಿಯ ಹುದ್ದೆಯನ್ನು ತ್ಯಜಿಸಬೇಕಾಯಿತು.

ಇಕ್ಕಟ್ಟಾದ ಕೋಣೆಯ ಮಿತಿಯನ್ನೇ ಶೈಲಿಯನ್ನಾಗಿ ಮಾರ್ಪಡಿಸಿದವರು ಬ್ರಿಟನ್ನಿನ ಬಿಲ್ ಬ್ರಾಂಟ್. ಎರಡನೆಯ ಮಹಾಯುದ್ಧದ ಕೊನೆಯ ವೇಳೆಗೆ ಅವರು ಹಳೆಯದೊಂದು ವಿಶಾಲಕೋನದ ಕೊಡಾಕ್ ಕ್ಯಾಮೆರಾವನ್ನು ಕೊಂಡರು. ಅಂತಹ ಕ್ಯಾಮೆರಾಗಳನ್ನು ಪೊಲೀಸರು ಅಪರಾಧ ನಡೆದ ಕೋಣೆಗಳನ್ನು ದಾಖಲಿಸಲು ಬಳಸುತ್ತಿದ್ದರು. ಅದರ ಮೂಲಕ ಕೋಣೆಯೊಳಗೆ ತೆಗೆದ ಚಿತ್ರಗಳಲ್ಲಿ ಹತ್ತಿರದ ಕೈಕಾಲುಗಳು ಬೃಹತ್ತಾಗಿಯೂ ದೂರದ ಗೋಡೆಗಳು ಅತಿದೂರದಲ್ಲಿಯೂ ಕಾಣುತ್ತವೆ. ಇವು 1961ರಲ್ಲಿ ‘ಪರ್ಸ್ಪೆಕ್ಟಿವ್ ಆಫ್ ನ್ಯೂಡ್ಸ್’ ಎಂಬ ಗ್ರಂಥರೂಪದಲ್ಲಿ ಪ್ರಕಟವಾದವು.

ಹಬೆಯ ಸ್ವರೂಪ

ನೀರಾವಿಯು ಕಣ್ಣಿಗೆ ಕಾಣದ ಅನಿಲ. ಸ್ನಾನಗೃಹದಲ್ಲಿ ಬೆಳ್ಳಗೆ ಕಾಣುವುದು ಆವಿಯಲ್ಲ. ಆವಿಯು ತಣ್ಣನೆಯ ಗಾಳಿಯನ್ನು ಸೇರಿ ಸಾಂದ್ರೀಕರಣಗೊಂಡಾಗ ಉಂಟಾಗುವ ಅತಿಸೂಕ್ಷ್ಮ ನೀರಹನಿಗಳ ಸಮೂಹ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಯು ಸುಮಾರು 51 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. 20 ಡಿಗ್ರಿಯಲ್ಲಿ ಈ ಪ್ರಮಾಣವು ಸುಮಾರು 17 ಗ್ರಾಂ ಮಾತ್ರ. ಬಿಸಿಗಾಳಿ ತಣಿದಾಗ ಹೆಚ್ಚುವರಿ ನೀರು ಹನಿಗಳಾಗಿ ಹೊರಬೀಳುತ್ತದೆ.

ಇದರಿಂದ ಛಾಯಾಗ್ರಾಹಕನಿಗೆ ಉಪಯುಕ್ತವಾದ ಒಂದು ಅಂಶ ತಿಳಿದುಬರುತ್ತದೆ. ಕೋಣೆ ಸಂಪೂರ್ಣವಾಗಿ ಬಿಸಿಯಾದಾಗ ಹಬೆ ತೆಳುವಾಗಬಹುದು. ಕಿಟಕಿಯನ್ನು ತುಸು ತೆರೆದು ತಂಪು ಗಾಳಿಯನ್ನು ಬಿಟ್ಟರೆ ಅದು ಮತ್ತೆ ದಟ್ಟವಾಗುತ್ತದೆ. ಅಂದರೆ ಹಬೆ ಚೆನ್ನಾಗಿ ಕಾಣಲು ಕೋಣೆಯನ್ನು ಅತಿಯಾಗಿ ಕಾಯಿಸಬೇಕಿಲ್ಲ. ಫಿನ್ಲೆಂಡಿನ ಸೌನಾದಲ್ಲಿ ಉಷ್ಣತೆ 80ರಿಂದ 100 ಡಿಗ್ರಿಯಷ್ಟಿದ್ದರೂ ಗಾಳಿ ಒಣದಾಗಿರುವುದರಿಂದ ಸಾಮಾನ್ಯವಾಗಿ ತಿಳಿಯಾಗಿರುತ್ತದೆ. ಅದಕ್ಕಿಂತ ಬಹಳ ಕಡಿಮೆ ಉಷ್ಣತೆಯ, ಆದರೆ ತೇವಭರಿತವಾದ ಹಬೆಸ್ನಾನದ ಕೊಠಡಿಯಲ್ಲಿ ಮಂಜು ಕವಿದಂತಿರುತ್ತದೆ.

ಮಸೂರದ ಮೇಲಿನ ಮಂಜು

ಯಾವುದೇ ವಸ್ತುವಿನ ಮೇಲ್ಮೈ ಸುತ್ತಲಿನ ಗಾಳಿಯ ಇಬ್ಬನಿ ಬಿಂದುವಿಗಿಂತ ತಣ್ಣಗಿದ್ದರೆ ಅದರ ಮೇಲೆ ನೀರು ಕೂರುತ್ತದೆ. 30 ಡಿಗ್ರಿ ಉಷ್ಣತೆ ಮತ್ತು ಶೇಕಡ 80 ಸಾಪೇಕ್ಷ ಆರ್ದ್ರತೆಯುಳ್ಳ ಗಾಳಿಯ ಇಬ್ಬನಿ ಬಿಂದು ಸುಮಾರು 26 ಡಿಗ್ರಿ. ಹವಾನಿಯಂತ್ರಿತ ಕೊಠಡಿಯಿಂದ 22 ಡಿಗ್ರಿಯ ಕ್ಯಾಮೆರಾವನ್ನು ಅಲ್ಲಿಗೆ ತಂದರೆ ಮಸೂರವು ಕ್ಷಣಮಾತ್ರದಲ್ಲಿ ಮಸುಕಾಗುತ್ತದೆ. ಒರೆಸಿದರೂ ಗಾಜು ಬೆಚ್ಚಗಾಗುವವರೆಗೆ ಮಂಜು ಮರಳಿ ಕೂರುತ್ತಲೇ ಇರುತ್ತದೆ.

ಆದ್ದರಿಂದ ಕ್ಯಾಮೆರಾವನ್ನು ಗಾಳಿಯಾಡದಂತೆ ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಕೋಣೆಯ ಉಷ್ಣತೆಗೆ ಹೊಂದಿಕೊಂಡ ಬಳಿಕ ಹೊರತೆಗೆಯಬೇಕು. ತೇವದ ಕೋಣೆಯಲ್ಲಿ ಮಸೂರವನ್ನು ಬದಲಿಸಬಾರದು. ಹೆಚ್ಚಿನ ಕ್ಯಾಮೆರಾಗಳು 40 ಡಿಗ್ರಿಯವರೆಗಿನ ಬಳಕೆಗೆ ಮಾತ್ರ ರೂಪಿತವಾಗಿರುವುದರಿಂದ, ಅದಕ್ಕಿಂತ ಬಿಸಿಯಾದ ಕೊಠಡಿಯಲ್ಲಿ ಬಾಗಿಲ ಹೊರಗಿನಿಂದ ಚಿತ್ರ ತೆಗೆಯುವುದೇ ಲೇಸು. ಕೋಣೆಯ ಕನ್ನಡಿಗೆ ಸಾಬೂನಿನ ತೆಳುಲೇಪವನ್ನು ಕೊಟ್ಟು ಒಣಬಟ್ಟೆಯಿಂದ ಉಜ್ಜಿದರೆ ಅದರ ಮೇಲೆ ಮಂಜು ಕೂರುವುದು ಕಡಿಮೆಯಾಗುತ್ತದೆ.

ಸ್ಥಳದ ಮಿತಿ

ನಿಂತಿರುವ ವ್ಯಕ್ತಿಯ ಪೂರ್ಣಚಿತ್ರಕ್ಕೆ, ಮೇಲೆ ಕೆಳಗೆ ಬಿಡುವ ಜಾಗವೂ ಸೇರಿ, ಸುಮಾರು 2 ಮೀಟರ್ ಎತ್ತರವನ್ನು ಚೌಕಟ್ಟಿನೊಳಗೆ ತರಬೇಕು. 35 ಮಿ.ಮೀ. ಫಿಲ್ಮಿನ ಗಾತ್ರದ ಸಂವೇದಕವುಳ್ಳ ಕ್ಯಾಮೆರಾವನ್ನು ಲಂಬವಾಗಿ ಹಿಡಿದಾಗ, 50 ಮಿ.ಮೀ. ಸಂಗಮದೂರದ ಮಸೂರಕ್ಕೆ ಸುಮಾರು 2.8 ಮೀಟರ್, 35 ಮಿ.ಮೀ. ಮಸೂರಕ್ಕೆ 1.9 ಮೀಟರ್ ಮತ್ತು 24 ಮಿ.ಮೀ. ಮಸೂರಕ್ಕೆ 1.3 ಮೀಟರ್ ಅಂತರ ಬೇಕಾಗುತ್ತದೆ. ಸಾಮಾನ್ಯ ಮನೆಯ ಸ್ನಾನಗೃಹದಲ್ಲಿ ಕೊನೆಯದಷ್ಟೇ ಸಾಧ್ಯ.

ಅಂಗಾಂಗಗಳು ವಿಕೃತವಾಗಿ ಕಾಣುವುದಕ್ಕೆ ವಿಶಾಲಕೋನದ ಮಸೂರವೇ ಕಾರಣವೆಂಬ ನಂಬಿಕೆಯಿದೆ. ವಾಸ್ತವವಾಗಿ ಮುಖ್ಯ ಕಾರಣ ಸಮೀಪದ ಅಂತರ. ಒಂದು ಮೀಟರ್ ದೂರದಲ್ಲಿ ನಿಂತಾಗ, ಅರ್ಧ ಮೀಟರ್ ಮುಂಚಾಚಿದ ಕೈಯು ತನ್ನ ಸಹಜ ಪ್ರಮಾಣದ ಎರಡು ಪಟ್ಟು ಕಾಣುತ್ತದೆ. ಇದನ್ನು ತಡೆಯಲು ಕ್ಯಾಮೆರಾವನ್ನು ರೂಪದರ್ಶಿಯ ಸೊಂಟದ ಎತ್ತರದಲ್ಲಿ ಓರೆಯಾಗದಂತೆ ಹಿಡಿಯಬೇಕು. ಕೈಕಾಲುಗಳು ಕ್ಯಾಮೆರಾದತ್ತ ಚಾಚದೆ ದೇಹದ ಸಮತಲದಲ್ಲೇ ಇರುವ ಭಂಗಿಗಳನ್ನು ಆರಿಸಿಕೊಳ್ಳಬೇಕು. ಗೋಡೆಯ ಕನ್ನಡಿಯಲ್ಲಿನ ಪ್ರತಿಬಿಂಬವನ್ನು ಚಿತ್ರಿಸಿದರೆ, ಕ್ಯಾಮೆರಾದಿಂದ ಕನ್ನಡಿಗೆ ಮತ್ತು ಕನ್ನಡಿಯಿಂದ ದೇಹಕ್ಕೆ ಇರುವ ದೂರಗಳು ಕೂಡುವುದರಿಂದ ಹೆಚ್ಚಿನ ಅಂತರ ಲಭಿಸುತ್ತದೆ. ಕುಳಿತ ಭಂಗಿ, ಅರ್ಧಾಕೃತಿ, ಬೆನ್ನು ಅಥವಾ ಹೆಗಲಿನ ಭಾಗಚಿತ್ರಗಳೂ ಇಂತಹ ಸ್ಥಳಕ್ಕೆ ಒಪ್ಪುತ್ತವೆ.

ಬೆಳಕು

ಹಬೆಯ ಹನಿಗಳು ಬೆಳಕನ್ನು ಚದುರಿಸುತ್ತವೆ. ಕ್ಯಾಮೆರಾದ ಮೇಲಿನ ಫ್ಲ್ಯಾಷ್ ಬೆಳಗಿದರೆ ಮುಂದಿನ ಹನಿಗಳೇ ಪ್ರಕಾಶಿಸಿ ಚಿತ್ರದ ಮೇಲೆ ಬಿಳಿಯ ತೆರೆಯೆಳೆದಂತಾಗುತ್ತದೆ. ಬೆಳಕು ರೂಪದರ್ಶಿಯ ಹಿಂಬದಿಯಿಂದ ಓರೆಯಾಗಿ ಬಂದರೆ ಹಬೆಯ ಸುಳಿಗಳು ಸ್ಪಷ್ಟವಾಗಿ ಮೂಡುತ್ತವೆ, ದೇಹದ ಅಂಚಿಗೆ ಬೆಳಕಿನ ರೇಖೆಯೂ ದೊರೆಯುತ್ತದೆ. ಹಿನ್ನೆಲೆ ಕಪ್ಪಾಗಿದ್ದಷ್ಟೂ ಹಬೆ ಎದ್ದುಕಾಣುತ್ತದೆ.

ಚಿಕ್ಕ ದೀಪದಿಂದ ದೂರ ಎರಡು ಪಟ್ಟಾದರೆ ಬೆಳಕಿನ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕಿಳಿಯುತ್ತದೆ. ಕಿರುಕೋಣೆಯಲ್ಲಿ ದೀಪವು ದೇಹಕ್ಕೆ ತೀರ ಹತ್ತಿರವಿರುವುದರಿಂದ ಒಂದು ಹೆಗಲು ಬೆಳ್ಳಗಾಗಿ ಇನ್ನೊಂದು ಕತ್ತಲಲ್ಲಿ ಮುಳುಗಬಹುದು. ದೀಪವನ್ನು ಚಾವಣಿಗೋ ಬಿಳಿಯ ಗೋಡೆಗೋ ತಿರುಗಿಸಿದರೆ ಬೆಳಕು ಸಮನಾಗಿ ಹರಡುತ್ತದೆ. ಬಿಳಿಯ ಹೆಂಚು ಮತ್ತು ಹಬೆ ತುಂಬಿದ ದೃಶ್ಯವನ್ನು ಕ್ಯಾಮೆರಾದ ಮಾಪಕವು ಬೂದುಬಣ್ಣವೆಂದೇ ಎಣಿಸುವುದರಿಂದ, ಅದು ಸೂಚಿಸುವುದಕ್ಕಿಂತ ಸುಮಾರು ಒಂದು ಸ್ಟಾಪ್‌ನಷ್ಟು ಹೆಚ್ಚು ಬೆಳಕನ್ನು ಕೊಡಬೇಕಾಗಬಹುದು. ಹಬೆಯಲ್ಲಿ ಸ್ವಯಂಚಾಲಿತ ಫೋಕಸ್ ತಡಕಾಡುವುದರಿಂದ ಕೈಯಿಂದಲೇ ಫೋಕಸ್ ಮಾಡುವುದು ವಾಡಿಕೆ.

ಸುರಕ್ಷತೆ

ಒದ್ದೆಯಾದ ಚರ್ಮದ ವಿದ್ಯುತ್ ರೋಧ ಬಹಳ ಕಡಿಮೆ. ಭಾರತದ ಮನೆಗಳಿಗೆ ಬರುವ 230 ವೋಲ್ಟ್ ವಿದ್ಯುತ್ತಿನ ತಂತಿಗಳನ್ನು ಒದ್ದೆ ನೆಲದ ಮೇಲೆ ಎಳೆಯುವುದು ಪ್ರಾಣಾಪಾಯಕಾರಿ. ಬ್ಯಾಟರಿಯಿಂದ ನಡೆಯುವ ಎಲ್‌ಇಡಿ ದೀಪಗಳನ್ನೇ ಬಳಸಬೇಕು, ಅಥವಾ ದೀಪವನ್ನು ಕೋಣೆಯ ಹೊರಗಿರಿಸಿ ಕಿಟಕಿಯ ಮೂಲಕ ಬೆಳಕು ಹಾಯಿಸಬೇಕು.

ಇದಕ್ಕಿಂತಲೂ ಕಣ್ಣಿಗೆ ಬೀಳದ ಅಪಾಯವೆಂದರೆ ಗ್ಯಾಸ್ ಗೀಸರ್. ಗಾಳಿಯಾಡದ ಸ್ನಾನಗೃಹದಲ್ಲಿ ಅದು ಉರಿದಾಗ ಆಮ್ಲಜನಕ ಕುಂದಿ ಕಾರ್ಬನ್ ಮೊನಾಕ್ಸೈಡ್ ಉತ್ಪತ್ತಿಯಾಗುತ್ತದೆ. ಬಣ್ಣವೂ ವಾಸನೆಯೂ ಇಲ್ಲದ ಈ ಅನಿಲವು ಎಚ್ಚರಿಕೆ ನೀಡದೆಯೇ ಪ್ರಜ್ಞೆ ತಪ್ಪಿಸಿ ಸಾವನ್ನು ತರಬಲ್ಲದು. ಕರ್ನಾಟಕದಲ್ಲಿಯೂ ಇಂತಹ ಸಾವುಗಳು ಸಂಭವಿಸಿವೆ. ಹಬೆ ಉಳಿಯಲೆಂದು ಬಾಗಿಲು ಕಿಟಕಿಗಳನ್ನು ಮುಚ್ಚಿ ಗೀಸರ್ ಉರಿಸುವುದನ್ನು ಯಾವ ಕಾರಣಕ್ಕೂ ಮಾಡಬಾರದು.

ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲವಾದ್ದರಿಂದ ದೇಹ ತಣಿಯದೆ ತಲೆಸುತ್ತು ಬರಬಹುದು. ಛಾಯಾಗ್ರಾಹಕನು ಕೆಲಸದಲ್ಲಿ ಮಗ್ನನಾಗಿರುವಾಗ ಬಳಲಿಕೆಯು ಮೊದಲು ತಟ್ಟುವುದು ಒಂದೇ ಭಂಗಿಯಲ್ಲಿ ನಿಂತ ರೂಪದರ್ಶಿಗೆ. ಭಂಗಿಗಳನ್ನು ಕೆಲವೇ ನಿಮಿಷಗಳಿಗೆ ಸೀಮಿತಗೊಳಿಸಿ, ಆಗಾಗ ಹೊರಗೆ ವಿಶ್ರಾಂತಿ, ಕುಡಿಯುವ ನೀರು ಮತ್ತು ಹೊದೆಯಲು ಬಟ್ಟೆಯನ್ನು ಒದಗಿಸಬೇಕು. ಮೈಮೇಲಿನ ಹನಿಗಳಷ್ಟೇ ಸಾಕಾದಲ್ಲಿ ತಂಪು ಕೋಣೆಯಲ್ಲಿ ಗ್ಲಿಸರಿನ್ ಬೆರೆಸಿದ ನೀರನ್ನು ಸಿಂಪಡಿಸಬಹುದು. ಈ ಹನಿಗಳು ಬೇಗ ಆರುವುದಿಲ್ಲ.

ಒಪ್ಪಿಗೆ ಮತ್ತು ಕಾನೂನು

ಇಕ್ಕಟ್ಟಾದ ಮುಚ್ಚಿದ ಕೋಣೆಯಲ್ಲಿ ರೂಪದರ್ಶಿಗೆ ಹಿಂದೆ ಸರಿಯಲು ಸ್ಥಳವಿರುವುದಿಲ್ಲ. ಆದ್ದರಿಂದ ಉಡುಪು, ಭಂಗಿ, ಚಿತ್ರಗಳ ಬಳಕೆ ಇವೆಲ್ಲವನ್ನೂ ಮುಂಚಿತವಾಗಿ ಲಿಖಿತರೂಪದಲ್ಲಿ ಒಪ್ಪಿಕೊಳ್ಳುವುದು, ರೂಪದರ್ಶಿಯು ಬಯಸಿದ ವ್ಯಕ್ತಿಯೊಬ್ಬರು ಜೊತೆಯಲ್ಲಿರುವುದು, ಬಾಗಿಲಿಗೆ ಚಿಲಕ ಹಾಕದಿರುವುದು ಮತ್ತು ಭಂಗಿಯನ್ನು ಸರಿಪಡಿಸಲು ಮುಟ್ಟದೆ ಮಾತಿನಲ್ಲಿಯೇ ಸೂಚಿಸುವುದು ಉತ್ತಮ ರೂಢಿಗಳೆನಿಸಿವೆ. ಒಪ್ಪಿದ ಬಳಿಕವೂ ನಡುವೆ ನಿಲ್ಲಿಸುವ ಹಕ್ಕು ರೂಪದರ್ಶಿಗಿದೆ.

ಭಾರತದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನಂತೆ, ಖಾಸಗಿ ಸ್ಥಿತಿಯಲ್ಲಿರುವ ಮಹಿಳೆಯನ್ನು ಕದ್ದು ನೋಡುವುದು ಅಥವಾ ಚಿತ್ರಿಸುವುದು ಅಪರಾಧ. ಚಿತ್ರ ತೆಗೆಯಲು ಆಕೆ ಒಪ್ಪಿದ್ದರೂ, ಇತರರಿಗೆ ಹಂಚಲು ಒಪ್ಪಿರದಿದ್ದರೆ ಹಂಚಿಕೆಯೂ ಅಪರಾಧವೆನಿಸುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಇ ಕಲಮು ಯಾವುದೇ ವ್ಯಕ್ತಿಯ ಗುಪ್ತಾಂಗಗಳ ಚಿತ್ರವನ್ನು ಸಮ್ಮತಿಯಿಲ್ಲದೆ ತೆಗೆಯುವುದನ್ನೂ ಪ್ರಕಟಿಸುವುದನ್ನೂ ದಂಡನಾರ್ಹಗೊಳಿಸಿದೆ. 18 ವರ್ಷದೊಳಗಿನವರ ವಿಷಯದಲ್ಲಿ 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ. ಮಕ್ಕಳ ಲೈಂಗಿಕ ಚಿತ್ರಣಕ್ಕೆ ಪೋಷಕರ ಸಮ್ಮತಿಯೂ ರಕ್ಷಣೆಯಾಗದು.

ಕರ್ನಾಟಕದ ಬಚ್ಚಲುಮನೆ

ಮಲೆನಾಡು ಮತ್ತು ಕರಾವಳಿಯ ಹಳೆಯ ಮನೆಗಳಲ್ಲಿನ ಬಚ್ಚಲುಮನೆಯು ಇಂತಹ ಛಾಯಾಗ್ರಹಣಕ್ಕೆ ಒದಗುವ ಸ್ಥಳೀಯ ಪರಿಸರವಾಗಿದೆ. ಒಲೆಯ ಮೇಲೆ ಹೂತ ತಾಮ್ರದ ಹಂಡೆ, ಮಸಿಹಿಡಿದ ಕಪ್ಪು ಗೋಡೆ, ಮಾಡಿನ ನಡುವೆ ಕೂರಿಸಿದ ಗಾಜಿನ ಹೆಂಚಿನಿಂದ ಇಳಿಯುವ ಬಿಸಿಲುಕೋಲು ಇವು ಹಬೆಯನ್ನು ಸಹಜವಾಗಿಯೇ ಎತ್ತಿ ತೋರಿಸುತ್ತವೆ. ದೀಪಾವಳಿಯ ನೀರು ತುಂಬುವ ಹಬ್ಬದಂದು ಹಂಡೆಯನ್ನು ತೊಳೆದು ಅಲಂಕರಿಸುವ, ಮರುದಿನ ಎಣ್ಣೆಸ್ನಾನಕ್ಕೆ ನೀರು ಕಾಯಿಸುವ ದೃಶ್ಯಗಳನ್ನು ಉಡುಪಿನಲ್ಲಿರುವ ವ್ಯಕ್ತಿಗಳೊಂದಿಗೆ ಚಿತ್ರಿಸಬಹುದು. ಸೌದೆಯ ಒಲೆಯಿಂದಲೂ ಕಾರ್ಬನ್ ಮೊನಾಕ್ಸೈಡ್ ಹೊರಬರುವುದರಿಂದ, ಬೆಳಕಿಂಡಿ ಮತ್ತು ಹೊಗೆಗಂಡಿಗಳನ್ನು ತೆರೆದಿಡುವುದು ಇಲ್ಲಿಯೂ ಅಗತ್ಯ.